ತೊಲೆಯ ಇನ್ನೊಂದು ತುದಿ

“ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರಲ್ಲ ಗುರುಗಳೇ, ಎಣಿಸಿದವನು ದ್ರೋಹಿಯೇ?”

ಶಿಷ್ಯ ಭಿಕ್ಷೆಯ ಜೋಳಿಗೆಯನ್ನು ಇನ್ನೂ ಹೆಗಲಿನಿಂದ ಇಳಿಸಿರಲಿಲ್ಲ. ಗುರು ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಈ ಪ್ರಶ್ನೆ ಇವನ ತಲೆಯಲ್ಲಿ ಹುಟ್ಟಿದ್ದಲ್ಲ, ಪೇಟೆಯಿಂದ ಜೋಳಿಗೆಗೆ ಬಿದ್ದು ಬಂದದ್ದು ಎಂದು ಅವರಿಗೆ ಗೊತ್ತಾಯಿತು. ಏನಾಯಿತು ಎಂದು ಕೇಳಿದರು.

ಶಿಷ್ಯ ಹೇಳಿದ. ಪೇಟೆಯಲ್ಲಿ ಒಬ್ಬ ಆಟಗಾರನ ಮಾತೆತ್ತಿಕೊಂಡು ಜನ ಕಚ್ಚಾಡುತ್ತಿದ್ದರು. ಅವನು ದಣಿಯ ದುಡ್ಡಿನಲ್ಲಿ ಆಡಿ ಹೆಸರು ಮಾಡಿದವನಂತೆ. ದಣಿ ತನ್ನ ಆಳುಗಳನ್ನು ಹಿಂಸಿಸುತ್ತಾನೆ ಎಂದು ತುಂಬಿದ ಸಭೆಯಲ್ಲಿ ಹೇಳಿಬಿಟ್ಟನಂತೆ. ಈಗ ಅವನಿಗೆ ಆಟವೂ ಇಲ್ಲ, ಅನ್ನವೂ ಇಲ್ಲ. ಆಳುಗಳ ಪಾಡೂ ಬದಲಾಗಲಿಲ್ಲ. ಕೆಲವರು ಅವನನ್ನು ಧೀರ ಎಂದರು, ಕೆಲವರು ಉಂಡ ಮನೆಗೆ ಎರಡು ಬಗೆದವನು ಎಂದರು.

“ನೀನೇನಂದೆ?”

“ನಾನೇನನ್ನಲಿ? ಎರಡೂ ಕಡೆಯವರ ಮಾತು ಕೇಳಿಸಿಕೊಂಡು ಬಂದೆ.”

“ಜಾಣ,” ಎಂದರು ಗುರು. ಕೈಯಲ್ಲಿದ್ದ ಹುಣಸೆಬೀಜವನ್ನು ಬದಿಗೆ ಹಾಕಿ ಕತೆ ಸುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಜಟ್ಟಿಯಿದ್ದ. ಹುಟ್ಟು ಬಡವ. ಗರಡಿಯಲ್ಲಿ ಎಷ್ಟು ಬೆವರು ಸುರಿಸಿದರೇನು, ಹೊಟ್ಟೆಗೆ ಅಂಬಲಿ ಬಿದ್ದರೆ ತೋಳು ಅಂಬಲಿಯ ತೋಳೇ. ಜಟ್ಟಿಯ ಮೈ ಎಂದರೆ ಹಾಲು, ತುಪ್ಪ, ಬಾದಾಮಿ. ಅವನ ಪಟ್ಟುಗಳನ್ನು ಕಂಡು ಅದೇ ಊರಿನ ಒಬ್ಬ ಸಾಹುಕಾರ ಅವನ ಖುರಾಕಿನ ಭಾರ ಹೊತ್ತ. ದಿನಾ ಬೆಳಿಗ್ಗೆ ಸಾಹುಕಾರನ ಮನೆಯಿಂದ ಹಾಲಿನ ಚರಿಗೆ ಗರಡಿಗೆ ಬರುತ್ತಿತ್ತು. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅವನ ತೋಳು ಹಿಡಿಯುವವರು ಆ ಸೀಮೆಯಲ್ಲಿ ಇಲ್ಲವಾದರು.

ಆ ಸೀಮೆಯ ಕುಸ್ತಿಗೆ ಒಂದು ಪದ್ಧತಿಯಿತ್ತು. ಜೋಡಿ ಅಖಾಡಕ್ಕೆ ಇಳಿದ ಮೇಲೆ, ಕೈ ಕೂಡಿಸುವ ಮುಂಚೆ, ಸಾರುವವನು ಒಬ್ಬೊಬ್ಬರ ತೋಳು ಮುಟ್ಟಿ ‘ಈ ತೋಳಿಗೆ ಅನ್ನ ಯಾರದು?’ ಎಂದು ಕೇಳಬೇಕು. ಜಟ್ಟಿ ಒಂದು ಹಿಡಿ ಕೆಮ್ಮಣ್ಣು ಎತ್ತಿ, ಅನ್ನ ಕೊಟ್ಟವನ ಹೆಸರು ಕೂಗಿ, ಮಣ್ಣನ್ನು ತನ್ನ ಹೆಗಲಿಗೆ ಸುರಿದುಕೊಳ್ಳಬೇಕು. ಸುತ್ತ ಕೂತ ಜನ ಆ ಹೆಸರನ್ನು ತಿರುಗಿ ಕೂಗಬೇಕು. ವಾದ್ಯದವರು ಹಲಗೆ ಬಡಿಯಬೇಕು. ಅನ್ನದ ಹೆಸರು ಹೇಳದವನಿಗೆ ಜೋಡಿಯಿಲ್ಲ, ಅವನ ತೋಳನ್ನು ಯಾರೂ ಹಿಡಿಯುವಂತಿಲ್ಲ.

ಉಪಕಾರ ನೆನೆಯಲೆಂದು ಹಿರಿಯರು ಮಾಡಿದ ಪದ್ಧತಿ ಅದು. ಸಾಹುಕಾರರ ಕೈಗೆ ಸಿಕ್ಕಿ ವ್ಯಾಪಾರವಾಗಿತ್ತು. ಈ ಸಾಹುಕಾರನಿಗೆ ಸುಣ್ಣದ ಗೂಡುಗಳಿದ್ದವು. ಕಲ್ಲು ಸುಟ್ಟು ಸುಣ್ಣ ಮಾಡಿ ಊರೂರಿಗೆ ಮಾರುತ್ತಿದ್ದ. ಜಟ್ಟಿ ಗೆದ್ದ ಊರಿಗೆ ಮರುದಿನವೇ ಅವನ ಸುಣ್ಣದ ಗಾಡಿ ಹೋಗುತ್ತಿತ್ತು. ಈ ಸುಣ್ಣ ಬಳಿದ ಗೋಡೆ ಜಟ್ಟಿಯ ಎದೆಯಷ್ಟು ಗಟ್ಟಿ ಎಂದು ಗಾಡಿಯವರು ಕೂಗುತ್ತಿದ್ದರು. ಸುಣ್ಣಕ್ಕೂ ಎದೆಗೂ ಎಲ್ಲಿಯ ನಂಟು ಎಂದು ಒಬ್ಬನೂ ಕೇಳಲಿಲ್ಲ. ಗೆದ್ದವನ ಹೆಸರಿನಲ್ಲಿ ಬೂದಿ ಮಾರಿದರೂ ಜನ ಕೊಳ್ಳುತ್ತಾರೆ. ಆ ಊರಿನವರೂ ಕೊಂಡರು.

ಗೂಡಿನಲ್ಲಿ ದುಡಿಯುತ್ತಿದ್ದವರು ಅಜ್ಜ ಮುತ್ತಜ್ಜರ ಕಾಲದಿಂದ ಜೀತಕ್ಕಿದ್ದವರು. ಕೆಲಸವಿಲ್ಲದ ಹೊತ್ತಿನಲ್ಲಿ ಓಡಿಹೋದಾರು ಎಂದು ಅವರನ್ನು ಗೂಡಿನ ಪಕ್ಕದ ಕಲ್ಲುಕೊಟ್ಟಿಗೆಯಲ್ಲಿ ಕೂಡುತ್ತಿದ್ದರು. ಬಾಗಿಲಿಗೆ ಹೊರಗಿನಿಂದ ಒಂದು ಮರದ ತೊಲೆ ಅಡ್ಡ. ಎರಡು ಕಬ್ಬಿಣದ ಕೊಂಡಿಗಳ ಮೇಲೆ ಅದು ಕೂರುತ್ತಿತ್ತು. ಒಬ್ಬನ ಕೈಲಿ ಆಗದ ಭಾರ, ಎತ್ತಬೇಕಾದರೆ ಇಬ್ಬರು ಕಾವಲುಗಾರರು ಎರಡು ತುದಿ ಹಿಡಿಯಬೇಕಿತ್ತು. ಒಬ್ಬ ಕಾವಲುಗಾರನಿಗೆ ಮನಸ್ಸು ಕರಗಿದರೂ ಬಾಗಿಲು ತೆರೆಯಬಾರದು, ಅದು ಸಾಹುಕಾರನ ಲೆಕ್ಕಾಚಾರ.

ಆ ತೊಲೆಯನ್ನು ಮೊಟ್ಟಮೊದಲು ಎತ್ತಿ ಕೊಂಡಿಯಲ್ಲಿ ಇಟ್ಟವನು ಜಟ್ಟಿಯೇ. ಕೊಟ್ಟಿಗೆ ಕಟ್ಟಿ ಮುಗಿದ ದಿನ ಸಾಹುಕಾರ ಊರವರನ್ನು ಕರೆದು, ಇಬ್ಬರ ತೊಲೆಯನ್ನು ನನ್ನ ಜಟ್ಟಿ ಒಬ್ಬನೇ ಎತ್ತುತ್ತಾನೆ ನೋಡಿ ಎಂದ. ಜಟ್ಟಿ ಎತ್ತಿದ. ಊರವರು ಚಪ್ಪಾಳೆ ತಟ್ಟಿದರು. ಸಾಹುಕಾರ ಅವನ ಕೈಗೆ ಬೆಳ್ಳಿಯ ಕಡಗ ತೊಡಿಸಿದ. ಬಾಗಿಲ ಒಳಗೆ ಯಾರಿರುತ್ತಾರೆ ಎಂದು ಜಟ್ಟಿ ಅಂದು ಕೇಳಲಿಲ್ಲ. ಅವನ ಕಣ್ಣು ಕಡಗದ ಮೇಲಿತ್ತು.

ಒಂದು ದಿನ ಊರಿನಲ್ಲಿ ಕುಸ್ತಿ. ಕುಸ್ತಿಯ ದಿನ ಗೂಡಿನ ಮೇಸ್ತ್ರಿಯೂ ನೋಡಲು ಹೋಗುತ್ತಾನೆ, ಗಾಡಿಯವರೂ ಹೋಗುತ್ತಾರೆ. ಅದಕ್ಕೆ ಆ ದಿನ ಜೀತದವರನ್ನು ಹಗಲೇ ಕೂಡಿಹಾಕುತ್ತಿದ್ದರು. ಇಬ್ಬರು ಕಾವಲುಗಾರರಲ್ಲಿ ಒಬ್ಬ, ಒಂದು ಗಳಿಗೆ ನೋಡಿ ಬರುತ್ತೇನೆ ಎಂದು ಹೋದ. ಉರಿಯುತ್ತಿದ್ದ ಗೂಡನ್ನು ನೋಡುವವರಿರಲಿಲ್ಲ. ಗಾಳಿ ದಿಕ್ಕು ಬದಲಿಸಿತು. ಸುಣ್ಣದ ಗೂಡಿನ ಹೊಗೆ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಉಸಿರನ್ನು ಮಾತ್ರ ಹಿಡಿಯುತ್ತದೆ. ಒಳಗಿನವರು ಬಾಗಿಲು ಬಡಿದರು. ಉಳಿದ ಕಾವಲುಗಾರ ತೊಲೆಗೆ ಹೆಗಲು ಕೊಟ್ಟ. ಒಂದು ತುದಿ ಎತ್ತಿದರೆ ಇನ್ನೊಂದು ಕೊಂಡಿಯಲ್ಲಿ ಕಚ್ಚಿಕೊಂಡಿತು. ಇನ್ನೊಂದನ್ನು ಎತ್ತಲು ಓಡಿದರೆ ಇದು ಬಿತ್ತು. ಅವನು ಅಖಾಡಕ್ಕೆ ಓಡಿದ.

ಅಲ್ಲಿ ಜಟ್ಟಿ ಆಗ ತಾನೇ ಎದುರಾಳಿಯ ಬೆನ್ನಿಗೆ ಮಣ್ಣು ತೋರಿಸಿ ಎದ್ದಿದ್ದ. ಹಲಗೆಯ ಸದ್ದಿಗೆ ಕಿವಿ ಕಿವುಡಾಗುತ್ತಿತ್ತು. ಜನದ ಹಿಂದೆ ಒಬ್ಬ ಎರಡೂ ಕೈ ಮೇಲೆತ್ತಿ ಗಂಟಲು ಹರಿಯುವಂತೆ ಕೂಗುತ್ತಿರುವುದು ಜಟ್ಟಿಗೆ ಕಾಣಿಸಿತು. ಇವನಿಗೆಂಥ ಅಭಿಮಾನ ಎಂದು ಅವನ ಎದೆ ತುಂಬಿತು. ಅವನತ್ತ ತಿರುಗಿ ತಾನೂ ಕೈ ಎತ್ತಿದ. ಜನ ಇನ್ನಷ್ಟು ಕೂಗಿದರು.

ಕುಸ್ತಿ ಮುಗಿದು ತೊಲೆ ಎತ್ತುವ ಹೊತ್ತಿಗೆ ಒಳಗಿನಿಂದ ಬಾಗಿಲು ಬಡಿಯುವ ಸದ್ದು ನಿಂತಿತ್ತು. ಕೆಲವರು ಉಳಿದರು, ಕೆಲವರು ಉಳಿಯಲಿಲ್ಲ. ವಾಂತಿಭೇದಿ ಎಂದು ಸಾಹುಕಾರ ಹೇಳಿದ. ಊರು ನಂಬಿತು. ನಂಬಿದರೆ ಯಾರಿಗೂ ಕಷ್ಟವಿರಲಿಲ್ಲ.

ಕೆಲವು ದಿನಗಳ ಮೇಲೆ ಜಟ್ಟಿ ಆ ಕಾವಲುಗಾರನನ್ನು ದಾರಿಯಲ್ಲಿ ಕಂಡ. ಗುರುತು ಹಿಡಿದು ನಕ್ಕ.

“ಅವತ್ತ ಎರಡೂ ಕೈ ಎತ್ತಿ ಜೈ ಅಂದಾವ ನೀನ ಅಲ್ಲೇನು?”

“ನಾ ಜೈ ಅಂದಿದ್ದಿಲ್ರಿ ಪೈಲ್ವಾನರ,” ಎಂದ ಕಾವಲುಗಾರ. “ತೊಲಿ ಎತ್ತಾಕ ಯಾರಾರ ಬರ್ರಿ ಅಂತ ಒದರಾಕತ್ತಿದ್ದೆ.”

ಅವನು ನಡೆದದ್ದನ್ನೆಲ್ಲ ಹೇಳಿದ. ಜಟ್ಟಿ ದಾರಿಯಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ನೀರು ಕೇಳಿದವನಿಗೆ ಕೈಬೀಸಿ ಬಂದಂತಾಯಿತಲ್ಲ. ಆ ತೊಲೆಯನ್ನು ಒಬ್ಬನೇ ಎತ್ತಬಲ್ಲ ಮನುಷ್ಯ ಇಡೀ ಸೀಮೆಗೆ ತಾನೊಬ್ಬನೇ. ಕರೆಯುವವನು ಕರೆದದ್ದು ಸರಿಯಾದವನನ್ನೇ. ಜಟ್ಟಿ ಸತ್ತವರ ಹೆಸರು ಕೇಳಿದ. ಕಾವಲುಗಾರ ಹೇಳಿದ. ಪಟ್ಟು ಕಲಿಯುವಾಗ ಮಾಡುವಂತೆ ಜಟ್ಟಿ ಅವನ್ನು ಮತ್ತೆ ಮತ್ತೆ ಹೇಳಿಕೊಂಡು ಬಾಯಿಪಾಠ ಮಾಡಿದ.

ಮರುದಿನ ಬೆಳಿಗ್ಗೆ ಹಾಲಿನ ಚರಿಗೆ ಬಂತು. ಅವನು ಕುಡಿದ. ನಾನು ಅವನನ್ನು ದೇವರು ಮಾಡಲಾರೆ. ದೊಡ್ಡ ಕುಸ್ತಿ ಹತ್ತಿರವಿತ್ತು, ಮೈ ಹಾಲು ಕೇಳುತ್ತಿತ್ತು. ಕುಡಿದ ಮೇಲೆ ಸಂಕಟಪಟ್ಟ. ಬಾಯಿ ಬಿಟ್ಟರೆ ಏನು ಹೋಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಲು ಹೋಗುತ್ತದೆ, ಹಾಲಿನ ಹಿಂದೆ ತೋಳು ಹೋಗುತ್ತದೆ. ಅವನಿಗೆ ನೇಗಿಲು ಗೊತ್ತಿಲ್ಲ, ಮಗ್ಗ ಗೊತ್ತಿಲ್ಲ, ಅಕ್ಷರ ಗೊತ್ತಿಲ್ಲ. ಲೋಕದಲ್ಲಿ ಅವನಿಗೆ ಸೇರಿದ್ದು ಎಂದರೆ ಆ ಎರಡು ತೋಳು. ಅವೂ ಸಾಹುಕಾರನ ಚರಿಗೆಯಲ್ಲಿ ಬಂದವು.

ದೊಡ್ಡ ಕುಸ್ತಿಯ ದಿನ ಬಂತು. ಗೆದ್ದವನಿಗೆ ಬೆಳ್ಳಿಯ ಗದೆ. ಸುತ್ತಲ ಸೀಮೆಯೆಲ್ಲ ಬಂದು ಕೂತಿತ್ತು. ಸಾಹುಕಾರ ಮುಂದಿನ ಗಾದಿಯ ಮೇಲಿದ್ದ. ಸಾರುವವನು ಜಟ್ಟಿಯ ತೋಳು ಮುಟ್ಟಿ ಕೇಳಿದ:

“ಈ ತೋಳಿಗೆ ಅನ್ನ ಯಾರದು?”

ಜಟ್ಟಿ ಹಿಡಿ ಮಣ್ಣು ಎತ್ತಿದ. “ಗಾಳೆವ್ವನದು!” ಎಂದು ಕೂಗಿದ.

ಜನಕ್ಕೆ ರೂಢಿಯಲ್ಲವೇ? ಕೇಳಿದ್ದನ್ನು ತಿರುಗಿ ಕೂಗಿದರು. “ಗಾಳೆವ್ವ!” ಎಂದು ಅಖಾಡ ನಡುಗಿತು. ಹಲಗೆ ಮೊಳಗಿತು. ಜಟ್ಟಿ ಮಣ್ಣನ್ನು ಹೆಗಲಿಗೆ ಸುರಿದುಕೊಂಡು ಮತ್ತೊಂದು ಹಿಡಿ ಎತ್ತಿದ.

“ದ್ಯಾಮಣ್ಣನದು!”

ಅರ್ಧ ಜನ ಕೂಗಿದರು. ಉಳಿದರ್ಧ ಪಕ್ಕದವರ ಮುಖ ನೋಡಿದರು.

“ಯಮನವ್ವನದು! ಸುಣ್ಣದ ಗೂಡಿನ ಕೊಟ್ಟಿಗೆಯಲ್ಲಿ ಉಸಿರು ಕಟ್ಟಿ ಸತ್ತ ಯಮನವ್ವನದು!”

ಹಲಗೆಯವರ ಕೈ ನಿಂತಿತು. ಅಲ್ಲೊಬ್ಬರು ಇಲ್ಲೊಬ್ಬರು ಕೂಗಿ ನಾಲಿಗೆ ಕಚ್ಚಿಕೊಂಡರು. ಸಾಹುಕಾರ ಗಾದಿಯಿಂದ ಎದ್ದಿದ್ದ.

“ಹೊಳೆಯಪ್ಪನದು!”

ಜನದ ಹಿಂದಿನಿಂದ ಒಂದೇ ಒಂದು ದನಿ ಆ ಹೆಸರನ್ನು ತಿರುಗಿ ಕೂಗಿತು. ಅದು ಕಾವಲುಗಾರನ ದನಿ. ಈ ಸಲ ಅದು ಅಖಾಡಕ್ಕೆಲ್ಲ ಕೇಳಿಸಿತು.

ಜಟ್ಟಿ ಕೊನೆಯ ಹಿಡಿ ಎತ್ತಿದ. “ಹೊಳೆಯಪ್ಪನ ಕೂಸಿನದು,” ಎಂದ. “ಅದಕ್ಕಿನ್ನೂ ಹೆಸರಿಟ್ಟಿರಲಿಲ್ಲ.”

ಇಲ್ಲದ ಹೆಸರನ್ನು ಕಾವಲುಗಾರನೂ ಕೂಗಲಾರದೆ ಹೋದ. ಎದುರಾಳಿ ಹಿಂದೆ ಸರಿದು ಅಖಾಡದಿಂದ ಹತ್ತಿಹೋದ. ಅಂದು ಕುಸ್ತಿ ನಡೆಯಲಿಲ್ಲ. ಇಷ್ಟು ಹೇಳುವಾಗ ನೋಡು, ಜಟ್ಟಿಗೆ ಹೆಸರಿಲ್ಲ, ಸಾಹುಕಾರನಿಗೆ ಹೆಸರಿಲ್ಲ. ನನ್ನ ಕತೆಯಲ್ಲಿ ಹೆಸರಿರುವುದು ಆ ಸತ್ತವರಿಗೆ ಮಾತ್ರ.

ಸಾಹುಕಾರ ಕೂಗಾಡಲಿಲ್ಲ. ಮಾರನೆಯ ಬೆಳಿಗ್ಗೆ ಹಾಲಿನ ಚರಿಗೆಯನ್ನು ತಾನೇ ಹಿಡಿದುಕೊಂಡು ಗರಡಿಗೆ ಬಂದ.

“ಬಾಯಿ ತಪ್ಪಿ ಬಂತು ಅನ್ನು, ತಮ್ಮಾ. ಮುಂದಿನ ಕುಸ್ತಿಯಾಗ ನನ್ನ ಹೆಸರು ಹೇಳು. ನಾ ಎಲ್ಲಾ ಮರೀತೀನಿ.”

“ಆ ತೊಲಿ ತೆಗಸ್ರಿ, ಸಾಹುಕಾರ್ರ. ಬದುಕಿರೋತನಕ ನಿಮ್ಮ ಹೆಸರು ಹೇಳ್ತೀನಿ.”

“ತೊಲಿ ತೆಗೆದ್ರ ಸುಣ್ಣ ಯಾರು ಸುಡ್ತಾರ?” ಎಂದ ಸಾಹುಕಾರ. ಸಿಟ್ಟಿನಿಂದ ಹೇಳಿದ್ದಲ್ಲ. ನಿಜವಾಗಿಯೂ ಅವನಿಗೆ ಬೇರೆ ದಾರಿ ತೋಚಿರಲಿಲ್ಲ. ಜಟ್ಟಿ ಚರಿಗೆಗೆ ಕೈ ಚಾಚದಿದ್ದಾಗ ಅದನ್ನು ಗರಡಿಯ ಹೊಸ್ತಿಲ ಮೇಲೆ ಬಗ್ಗಿಸಿ ಖಾಲಿ ಮಾಡಿ ಹೋದ.

ಕುಸ್ತಿ ಕಲಿಸಿದ ಗರಡಿಯ ವಸ್ತಾದ ಮುದುಕ. ಜಟ್ಟಿಯನ್ನು ಮಗನಂತೆ ಸಾಕಿದವನು. ಅವನ ಕಣ್ಣಲ್ಲಿ ನೀರಿತ್ತು. “ನಿನ್ನ ಕೆಲಸ ಕುಸ್ತಿ. ಸುಣ್ಣದ ಗೂಡಿನ ಉಸಾಬರಿ ನಿನಗ್ಯಾಕಪಾ?” ಎಂದ. ಜಟ್ಟಿ ಹೊಸ್ತಿಲ ಮೇಲೆ ಹರಿಯುತ್ತಿದ್ದ ಹಾಲನ್ನು ತೋರಿಸಿ, “ಇದು ಎಲ್ಲಿಂದ ಬರತಿತ್ತು, ವಸ್ತಾದ?” ಎಂದ. ಮುದುಕನಿಗೆ ಗೊತ್ತಿತ್ತು. ಗೊತ್ತಿದ್ದೂ ಗರಡಿಯ ಬಾಗಿಲು ಮುಚ್ಚಿದ. ಉಳಿದ ಹುಡುಗರಿಗೂ ಅದೇ ಮನೆಯಿಂದ ಹಾಲು ಬರಬೇಕಿತ್ತು.

ಜಟ್ಟಿ ಎಣ್ಣೆಗಾಣದ ಧನಿಕನ ಬಳಿ ಹೋದ, ನೂಲಿನ ವ್ಯಾಪಾರಿಯ ಬಳಿ ಹೋದ. ಇಬ್ಬರೂ ಒಳಗೊಳಗೇ ಸುಣ್ಣದ ಸಾಹುಕಾರನ ಮೇಲೆ ಹಲ್ಲು ಕಡಿಯುತ್ತಿದ್ದವರು. ಅವನು ಸಾಹುಕಾರನ ಮಾನ ಕಳೆದದ್ದು ಕೇಳಿ ಇಬ್ಬರಿಗೂ ಸಂತೋಷವಾಗಿತ್ತು. ಆದರೆ ಎಲ್ಲರ ಹಿತ್ತಿಲಿನಲ್ಲೂ ಅಂಥದೇ ತೊಲೆ ಹಾಕಿದ ಒಂದೊಂದು ಬಾಗಿಲಿತ್ತು. ನೀರು ಕೊಟ್ಟು, ಎಲೆ ಅಡಿಕೆ ಕೊಟ್ಟು ಕಳಿಸಿದರು. ಜೊತೆಯ ಜಟ್ಟಿಗಳು ಕತ್ತಲ ಸಂದಿಯಲ್ಲಿ ಸಿಕ್ಕಾಗ ಅವನ ಕೈ ಒತ್ತಿ ಭಲೇ ಎನ್ನುತ್ತಿದ್ದರು. ಬೆಳಕಿನಲ್ಲಿ ಸಿಕ್ಕಾಗ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುತ್ತ ತಲೆ ಬಗ್ಗಿಸುತ್ತಿದ್ದರು. ಸಂತೆಯಲ್ಲಿ ಮಾತ್ರ ಜನಕ್ಕೆ ಹಬ್ಬವಾಯಿತು. ಉಂಡ ಮನೆಯ ಜಂತೆ ಎಣಿಸಿದ ಎಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿಲ್ಲ ನೋಡು ಎಂದು ನಕ್ಕರು.

ಅವನು ಸಂತೆಯಲ್ಲಿ ಮೂಟೆ ಹೊತ್ತ. ಸಿಕ್ಕಿದ್ದು ಅಂಬಲಿ. ತೋಳು ತಿರುಗಿ ಅಂಬಲಿಯ ತೋಳಾಯಿತು. ಬೆಳ್ಳಿಯ ಕಡಗ ಮಣಿಕಟ್ಟಿನಿಂದ ತಾನಾಗಿ ಜಾರಿ ಎಲ್ಲೋ ಬಿದ್ದುಹೋಯಿತು. ಅವನು ಹುಡುಕಲಿಲ್ಲ.

ಇಷ್ಟಾಗುವಾಗ ಕಾವಲುಗಾರ ಊರಿನಲ್ಲಿ ಕಾಣದಾದ. ಅಖಾಡದಲ್ಲಿ ಹೆಸರು ಕೂಗಿದ ತಪ್ಪಿಗೆ ಅವನನ್ನೂ ಜೀತಕ್ಕೆ ಹಾಕಿದ್ದಾರೆ ಎಂದು ಜಟ್ಟಿಗೆ ಗೊತ್ತಾಯಿತು. ಆ ದಿನ ಊರಿನಲ್ಲಿ ಕುಸ್ತಿಯಿತ್ತು. ಸಾಹುಕಾರ ಹೊಸ ಜಟ್ಟಿಯನ್ನು ಸಾಕಿದ್ದ. ಹೊಸ ಜಟ್ಟಿ ಸಾಹುಕಾರನ ಹೆಸರು ಕೂಗಿದ, ಜನ ತಿರುಗಿ ಕೂಗಿದರು. ಆ ಕೂಗನ್ನು ಬೆನ್ನಿಗೆ ಕೇಳಿಸಿಕೊಳ್ಳುತ್ತ ಇವನು ಗೂಡಿನ ಹತ್ತಿರ ಹೋದ.

ಬಾಗಿಲಿಗೆ ತೊಲೆ ಅಡ್ಡವಿತ್ತು. ಎಲೆ ಅಡಿಕೆ ಜಗಿಯುತ್ತ ಹೊಸ ಕಾವಲುಗಾರನೊಬ್ಬ ಕೂತಿದ್ದ. ಜಟ್ಟಿ ತೊಲೆಯ ನಡುವಿಗೆ ಕೈ ಹಾಕಿದ. ಒಂದು ಕಾಲದಲ್ಲಿ ಚಪ್ಪಾಳೆ ತಟ್ಟುವುದರೊಳಗೆ ಎತ್ತಿದ ತೊಲೆ. ಅದು ಅಲುಗಲಿಲ್ಲ. ಕಾವಲುಗಾರ ತಡೆಯಲಿಲ್ಲ, ನಕ್ಕ. ಜಟ್ಟಿ ಒಂದು ತುದಿಗೆ ಹೋಗಿ ಎದೆಯ ಮಟ್ಟಕ್ಕೆ ಎತ್ತಿದ. ಇನ್ನೊಂದು ತುದಿ ಕೊಂಡಿಯಲ್ಲಿ ಕಚ್ಚಿಕೊಂಡಿತು.

ಬಾಗಿಲ ಬಿರುಕಿನಿಂದ ಗುರುತಿನ ದನಿ ಬಂತು. “ಒಬ್ಬರ ಕೈಲೆ ಆಗಂಗಿಲ್ರಿ ಪೈಲ್ವಾನರ. ನಾ ಮಾಡಿ ನೋಡೀನಿ.”

ಜಟ್ಟಿ ತುದಿ ಬಿಡಲಿಲ್ಲ. ಹೊಸ ಕಾವಲುಗಾರನಿಗೆ, ಆ ಕಡೆ ಹಿಡಿ ಎಂದ. ಅವನು ಉಗುಳಲೆಂದು ಎದ್ದು ಹೋದವನು ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ಕುಸ್ತಿ ಮುಗಿದು ಜನ ಆ ದಾರಿಯಲ್ಲಿ ಮನೆಗೆ ಬರುತ್ತಿದ್ದರು. ಹಳೆಯ ಜಟ್ಟಿ ತೊಲೆ ಹಿಡಿದು ನಿಂತದ್ದು ಕಂಡು ನಿಂತರು. ಸುತ್ತಲೂ ಗುಂಪುಗೂಡಿದರು. ಕೆಲವರಿಗೆ ಅಯ್ಯೋ ಅನ್ನಿಸಿತು. ಮುಂದಕ್ಕೆ ಬರುತ್ತಾರೆ ಎಂದು ಜಟ್ಟಿ ಒಬ್ಬೊಬ್ಬರ ಮುಖವನ್ನೂ ನೋಡಿದ. ತೋಳು ನಡುಗಿ ಬೆವರು ಸುರಿಯಿತು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಕತ್ತಲಾಗುವ ಮುಂಚೆ ಎಲ್ಲರೂ ಮನೆಗೆ ಹೋದರು.

ಅವನು ಮರುದಿನವೂ ಹೋದ. ದಿನಾ ಹೋದ. ಹೋಗಿ ಒಂದು ತುದಿ ಎತ್ತಿ, ಕೈ ಸೋಲುವತನಕ ಹಿಡಿದು, ಇಳಿಸಿ ಬರುತ್ತಿದ್ದ. ಒಳಗಿನವರು ಅವನಿಗಾಗಿ ಬಾಗಿಲ ಹತ್ತಿರ ಬಂದು ಕೂರುತ್ತಿದ್ದರು. ಗಾಳಿ ದಿಕ್ಕು ಬದಲಿಸುವ ಕಾಲ ಮತ್ತೆ ಹತ್ತಿರ ಬರುತ್ತಿತ್ತು.

ಗುರು ಇಷ್ಟು ಹೇಳಿ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು.

“ಕತೆ ಮುಗಿಯಿತೇ, ಗುರುಗಳೇ?”

“ಮುಗಿದಿದ್ದರೆ ಮುಗಿಯಿತು ಅನ್ನುತ್ತಿದ್ದೆ.”

ಶಿಷ್ಯ ಯೋಚಿಸಿದ. ಅವನಿಗೆ ಜಟ್ಟಿಯ ಮೇಲೆ ಮರುಕ ಹುಟ್ಟಿತ್ತು, ಜೊತೆಗೆ ಸಿಟ್ಟೂ ಬಂದಿತ್ತು. “ಅವನು ದ್ರೋಹಿಯಲ್ಲ, ಒಪ್ಪಿದೆ. ಆದರೆ ದಡ್ಡ. ತೋಳಿನಲ್ಲಿ ಬಲವಿದ್ದಾಗಲೇ ತೊಲೆ ಎತ್ತಿ ಒಗೆದು, ಆಮೇಲೆ ಬಾಯಿ ಬಿಡಬೇಕಿತ್ತು. ಮೊದಲು ಮಾತಾಡಿ ಬಲ ಕಳಕೊಂಡ. ಈಗ ಆ ಸೊರಗಿದ ತೋಳಿನಿಂದ ಏನಾದೀತು?”

ಗುರು ತಲೆ ಎತ್ತಿ ಶಿಷ್ಯನನ್ನು ನೋಡಿದರು.

“ಅವನು ತೊಲೆಯ ಒಂದು ತುದಿ ಎತ್ತಿ ಹಿಡಿದು ನಿಂತಿದ್ದಾನೆ, ನೀನು ಇಲ್ಲಿ ಕೂತು ಅವನ ತೋಳು ಅಳೆಯುತ್ತಿದ್ದೀಯೆ.”